ಕಂಪ್ಯೂಟರ್ ರ‍್ಯಾಮ್‌ಗೆ ಹಾಕಿದ ಹಣದ ಲೆಕ್ಕ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಅಧ್ಯಯನ ಕೇಂದ್ರ ಸಮಿತಿಯ ಪರವಾಗಿ ಮಾಡಿದ ಭಾಷಣದ ಪಠ್ಯ)



ನಿಮ್ಮ ಕೈಯಲ್ಲಿರುವ ವಾರ್ಷಿಕ ವರದಿಯ ಖರ್ಚಿನ ಪುಟದಲ್ಲಿ "ಅಧ್ಯಯನ ಕೇಂದ್ರ: ಕಂಪ್ಯೂಟರ್ ರ‍್ಯಾಮ್" ಎಂಬ ಒಂದು ಸಾಲು ಇದೆ. ಮೊತ್ತ ದೊಡ್ಡದಲ್ಲ. ಆದರೂ ವರದಿಯನ್ನು ಮೊದಲೇ ಓದಿದ ಒಬ್ಬಿಬ್ಬರು ದಾನಿಗಳು ನಮ್ಮನ್ನು ಕೇಳಿದರು: "ಕಂಪ್ಯೂಟರ್‌ಗಳು ದಾನವಾಗಿ ಬಂದಿದ್ದವಲ್ಲ, ಮತ್ತೆ ಅವಕ್ಕೇಕೆ ಖರ್ಚು? ಅದರಲ್ಲಿ ಯಾವುದೋ ವಿದೇಶದ ಸಂಶೋಧನೆಯ ಲೆಕ್ಕ ಮಾಡಿಸುತ್ತಿದ್ದೀರಂತೆ, ಅದು ನಮ್ಮ ಮಕ್ಕಳಿಗೆ ಏನು ಸಂಬಂಧ?" ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಟ್ರಸ್ಟಿಗೆ ಬಂದ ಹಣ ಅಮಾನತ್ತು. ಅದರ ಪ್ರತಿಯೊಂದು ರೂಪಾಯಿಗೂ ನಾವು ಉತ್ತರ ಕೊಡಬೇಕು. ಈ ಕೆಲಸದಲ್ಲಿ ನಮ್ಮಿಂದ ಒಂದು ತಪ್ಪೂ ಆಗಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇವೆ.

ಕೇಂದ್ರಕ್ಕೆ ಬಂದ ಆರು ಕಂಪ್ಯೂಟರ್‌ಗಳು

ಬೆಂಗಳೂರಿನ ಒಂದು ಕಚೇರಿಯವರು ತಮ್ಮ ಹಳೆಯ ಕಂಪ್ಯೂಟರ್‌ಗಳನ್ನು ಬದಲಾಯಿಸಿದಾಗ ಆರನ್ನು ನಮ್ಮ ಕೇಂದ್ರಕ್ಕೆ ಕೊಟ್ಟರು. ನೋಡಲು ಚೆನ್ನಾಗಿದ್ದವು, ಸ್ವಿಚ್ ಹಾಕಿದರೆ ಓಡುತ್ತಿದ್ದವು. ಮಕ್ಕಳು ಬಂದು ಕನ್ನಡ, ಇಂಗ್ಲಿಷ್ ಟೈಪಿಂಗ್ ಕಲಿತರು. ಪಿಯುಸಿ ಮಕ್ಕಳು ಸಿಇಟಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಡಿದರು. ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿವೇತನದ ಅರ್ಜಿಗಳಿಗೆ ಅವು ಬೇಕಾದವು. ಈಗ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಕಾಗದದ ಅರ್ಜಿ ಇಲ್ಲ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್, ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್ ಎರಡೂ ಆನ್‌ಲೈನ್. ಬೀಡಿ ಕಟ್ಟುವ, ರೇಷ್ಮೆ ಬಿಚ್ಚುವ, ಆಟೋ ಓಡಿಸುವ, ಮಾವಿನ ಮಂಡಿಯಲ್ಲಿ ಹಮಾಲಿ ಮಾಡುವ ಮನೆಗಳಲ್ಲಿ ಕಂಪ್ಯೂಟರ್ ಎಲ್ಲಿರುತ್ತದೆ? ಸೈಬರ್ ಅಂಗಡಿಗೆ ಹೋದರೆ ಪ್ರತಿ ಅರ್ಜಿಗೂ ದುಡ್ಡು. ಆದ್ದರಿಂದ ಮಕ್ಕಳು ಇಲ್ಲಿಗೇ ಬರುತ್ತಾರೆ.

ಹಿಂದೆ ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲೇ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಇಬ್ಬರು ಹುಡುಗರು ರಜೆಯಲ್ಲಿ ಕೇಂದ್ರ ನೋಡಿಕೊಳ್ಳುತ್ತಿದ್ದರು. ಒಂದು ದಿನ ಅವರು ಬಂದು, "ಮಕ್ಕಳು ಇಲ್ಲದ ಹೊತ್ತಿನಲ್ಲಿ ಈ ಕಂಪ್ಯೂಟರ್‌ಗಳು ಸುಮ್ಮನೆ ಕೂತಿರುತ್ತವೆ. ಆ ಬಿಡುವಿನ ಶಕ್ತಿಯನ್ನು ವೈದ್ಯಕೀಯ ಸಂಶೋಧನೆಗೆ ದಾನ ಕೊಡಬಹುದು" ಎಂದರು. ಹೊಸ ವಿಷಯ. ಕೇಳಿ ಖುಷಿಯಾಯಿತು. ಮಾಡಿ ಅಂದೆವು.

ಬಿಡುವಿನ ದಾನ ಅಂದರೇನು?

ದೊಡ್ಡ ಸಂಶೋಧನೆಗಳಲ್ಲಿ ಲೆಕ್ಕದ ಕೆಲಸ ಅಪಾರ. ಒಂದು ಕಾಯಿಲೆಗೆ ಔಷಧಿ ಹುಡುಕಬೇಕಾದರೆ ಲಕ್ಷಾಂತರ ರಾಸಾಯನಿಕಗಳಲ್ಲಿ ಯಾವುದು ಆ ರೋಗದ ಪ್ರೋಟೀನಿಗೆ ಹೊಂದುತ್ತದೆ ಎಂದು ಒಂದೊಂದಾಗಿ ಲೆಕ್ಕ ಹಾಕಬೇಕು. ಒಂದೇ ಕಂಪ್ಯೂಟರ್‌ಗೆ ಕೊಟ್ಟರೆ ನೂರಾರು ವರ್ಷ ಬೇಕಾಗಬಹುದು. ಆದ್ದರಿಂದ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ, ಜಗತ್ತಿನ ಬೇರೆ ಬೇರೆ ಮನೆಗಳ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ಮೂಲಕ ಕಳಿಸುತ್ತಾರೆ. ಅವು ಬಿಡುವಾದಾಗ ಲೆಕ್ಕ ಮಾಡಿ ಉತ್ತರ ವಾಪಸ್ ಕಳಿಸುತ್ತವೆ.

ಇದು ಜನರಿಗೆಲ್ಲ ಗೊತ್ತಾದದ್ದು 1999ರ ಮೇ ತಿಂಗಳಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸೆಟಿ ಅಟ್ ಹೋಮ್ ಯೋಜನೆಯಿಂದ. ಅರೆಸಿಬೊ ಎಂಬಲ್ಲಿದ್ದ ದೊಡ್ಡ ರೇಡಿಯೋ ದೂರದರ್ಶಕ ಆಕಾಶದಿಂದ ಹಿಡಿದ ಸದ್ದಿನಲ್ಲಿ ಬೇರೆ ಲೋಕದ ಜೀವಿಗಳ ಸುಳಿವು ಇದೆಯೇ ಎಂದು ಲಕ್ಷಾಂತರ ಜನರ ಕಂಪ್ಯೂಟರ್‌ಗಳು ಹುಡುಕಿದವು. ಅಂಥದ್ದೊಂದು ರೇಡಿಯೋ ದೂರದರ್ಶಕ ಗೌರಿಬಿದನೂರಿನಲ್ಲೂ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಅದೂ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಸೆಟಿಯವರು 2020ರ ಮಾರ್ಚ್ ಕೊನೆಗೆ ಹೊಸ ಲೆಕ್ಕ ಹಂಚುವುದನ್ನು ನಿಲ್ಲಿಸಿದರು. ಹುಡುಕಿದ ಜೀವಿಗಳು ಸಿಗಲಿಲ್ಲ. ಆದರೆ ಲೆಕ್ಕ ಹಂಚುವ ವಿಧಾನ ಉಳಿಯಿತು. ಬೋಯಿಂಕ್ ಎಂಬ ಉಚಿತ ತಂತ್ರಾಂಶ ಅಲ್ಲಿಂದಲೇ ಬಂದದ್ದು. ಇವತ್ತು ಹಲವು ಯೋಜನೆಗಳು ಅದರ ಮೇಲೆ ನಡೆಯುತ್ತವೆ.

ನಮ್ಮ ಹುಡುಗರು ಆರಿಸಿಕೊಂಡದ್ದು ವರ್ಲ್ಡ್ ಕಮ್ಯುನಿಟಿ ಗ್ರಿಡ್. ಇದನ್ನು 2004ರಲ್ಲಿ ಐಬಿಎಂ ಕಂಪನಿ ಶುರು ಮಾಡಿತು. 2021ರಿಂದ ಅದರ ಹೊಣೆ ಕೆನಡಾದ ಟೊರಾಂಟೊ ನಗರದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯದ್ದು. ಕ್ಯಾನ್ಸರ್ ರೋಗವನ್ನು ಬೇಗ ಗುರುತಿಸುವ ಲಕ್ಷಣಗಳನ್ನು ಹುಡುಕುವ ಕೆಲಸ ಅಲ್ಲಿ 2013ರಿಂದ ನಡೆಯುತ್ತಿದೆ. 2016ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕ್ಷಯರೋಗದ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ತಿಳಿಯಲು ಇದೇ ಜಾಲದಲ್ಲಿ ಲೆಕ್ಕ ಮಾಡಿಸಿದರು. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ಆರು ತಿಂಗಳು ಮಾತ್ರೆ ನುಂಗಿದವರು ಈ ಸಭೆಯಲ್ಲಿ ಕೂತಿರುವ ಮನೆಗಳಲ್ಲೂ ಇದ್ದಾರೆ. ಆದ್ದರಿಂದ ಅದನ್ನು ವಿದೇಶದ ಸಂಶೋಧನೆ ಎಂದು ದೂರ ಇಡಲು ನಮಗೆ ಮನಸ್ಸು ಬರಲಿಲ್ಲ.

ನಮ್ಮ ತಪ್ಪು

ಹುಡುಗರು ಆರೂ ಕಂಪ್ಯೂಟರ್‌ಗಳಿಗೆ ಬೋಯಿಂಕ್ ಹಾಕಿದರು. ಕೆಲವು ವಾರ ಯಾವ ತೊಂದರೆಯೂ ಕಾಣಲಿಲ್ಲ. ಪರೀಕ್ಷೆ ಮುಗಿದ ಕಾಲ, ಬರುವ ಮಕ್ಕಳು ಕಡಿಮೆ. ಆಮೇಲೆ ಅರ್ಜಿಯ ಕಾಲ ಬಂತು.

ಕೊನೆಯ ದಿನ ಸಾಯಂಕಾಲ ಶ್ರೀನಿವಾಸಪುರ ಕಡೆಯ ಒಬ್ಬ ವಿದ್ಯಾರ್ಥಿನಿ ತನ್ನ ಅಮ್ಮಿಯ ಜೊತೆ ಬಂದಳು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಸಿಕ್ಕಿದ್ದೇ ಅವತ್ತು. ಅರ್ಜಿ ತುಂಬಿ, ದಾಖಲೆ ಸೇರಿಸುವ ಹೊತ್ತಿಗೆ ಕಂಪ್ಯೂಟರ್ ನಿಂತೇ ಹೋಯಿತು. ಮೌಸ್ ಅಲ್ಲಾಡಿಸಿದರೆ ಬಾಣದ ಗುರುತು ನಿಮಿಷದ ಮೇಲೆ ಸರಿಯುತ್ತದೆ. ಹಾರ್ಡ್‌ಡಿಸ್ಕ್ ಒಂದೇ ಸಮ ಕರಕರ ಅನ್ನುತ್ತದೆ. ಆಫ್ ಮಾಡಿ ಆನ್ ಮಾಡಿದೆವು. ಪಕ್ಕದ ಕಂಪ್ಯೂಟರ್‌ಗೆ ಹೋದೆವು, ಅದೂ ಹಾಗೇ. ಅರ್ಜಿ ಮತ್ತೆ ಮೊದಲಿಂದ ತುಂಬಬೇಕಾಯಿತು. ಅಷ್ಟರಲ್ಲಿ ಗಡುವು ಮುಗಿಯಿತು. ಆ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಕೊನೆಯ ಬಸ್ಸಿಗೆ ಹೊರಟರು.

ಆ ವರ್ಷ ಆ ಮಗುವಿನ ಶುಲ್ಕವನ್ನು ಸಮಿತಿಯ ಸದಸ್ಯರು ಕೈಯಿಂದ ಹಾಕಿ ಕಟ್ಟಿದರು. ಟ್ರಸ್ಟಿನ ಹಣದಿಂದ ಕಟ್ಟಲಿಲ್ಲ, ಏಕೆಂದರೆ ತಪ್ಪು ನಮ್ಮದು. ಅವತ್ತೇ ಆರರಿಂದಲೂ ಬೋಯಿಂಕ್ ತೆಗೆಸಿದೆವು. ಬಡ ಮಗುವಿಗೆ ಸೇರಬೇಕಾದ ಕಂಪ್ಯೂಟರನ್ನು ಆ ಮಗು ಬಂದ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಹಚ್ಚಿದ್ದೆವು. ಕೆಲಸ ಎಷ್ಟೇ ಒಳ್ಳೆಯದಿರಲಿ, ಮೊದಲ ಹಕ್ಕು ಯಾರದ್ದು ಎಂಬುದನ್ನು ನಾವು ನೋಡಿರಲಿಲ್ಲ.

ಯಾಕೆ ನಿಂತಿತು?

ಮುಂದಿನ ಭಾನುವಾರ ಒಬ್ಬ ರಿಪೇರಿ ಬಲ್ಲ ಭಾಯಿಯನ್ನು ಕರೆಸಿದೆವು. ಅವರು ತಾಯಂದಿರಿಗೂ ತಿಳಿಯುವಂತೆ ಹೇಳಿದರು. ಹಾರ್ಡ್‌ಡಿಸ್ಕ್ ಅಂದರೆ ಬೀರು. ರ‍್ಯಾಮ್ ಅಂದರೆ ಬೀರುವಿನಿಂದ ತೆಗೆದು ಹರಡಿಕೊಂಡು ಕೆಲಸ ಮಾಡುವ ಮೇಜು. ಮೇಜು ಚಿಕ್ಕದಾದರೆ ಒಂದು ಬಟ್ಟೆ ಕತ್ತರಿಸಲು ಇನ್ನೊಂದನ್ನು ಮಡಚಿ ಬೀರುವಿಗೆ ಇಡಬೇಕು, ಮತ್ತೆ ತೆಗೆಯಬೇಕು. ದರ್ಜಿ ಎಷ್ಟು ಚುರುಕಾಗಿದ್ದರೂ ದಿನವೆಲ್ಲ ಇಡುವುದು ತೆಗೆಯುವುದರಲ್ಲೇ ಕಳೆಯುತ್ತದೆ. ಅವತ್ತು ಹಾರ್ಡ್‌ಡಿಸ್ಕ್ ಕರಕರ ಅಂದದ್ದು ಇದಕ್ಕೇ.

ನಮ್ಮ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ತಲಾ 2 ಜಿಬಿ ರ‍್ಯಾಮ್. ವಿಂಡೋಸ್ ಮತ್ತು ಬ್ರೌಸರ್ ಸೇರಿಯೇ ಅದು ತುಂಬುತ್ತದೆ. ಪ್ರೊಸೆಸರ್‌ನಲ್ಲಿ ಎರಡು ಕೋರ್ ಇದ್ದರೂ ನಾಲ್ಕು ಕೆಲಸ ಒಟ್ಟಿಗೆ ಹಿಡಿಯುವಂಥದ್ದು. ಬೋಯಿಂಕ್ ಅದನ್ನು ನಾಲ್ಕು ಎಂದೇ ಎಣಿಸಿ ನಾಲ್ಕು ಲೆಕ್ಕದ ತುಂಡುಗಳನ್ನು ಒಟ್ಟಿಗೆ ಓಡಿಸುತ್ತದೆ. ಪ್ರತಿ ತುಂಡಿಗೂ ಮೇಜಿನ ಮೇಲೆ ಜಾಗ ಬೇಕು. ಎಷ್ಟು ಬೇಕು ಎಂಬುದು ಯೋಜನೆಯ ಮೇಲೆ ಹೋಗುತ್ತದೆ. ಕೆಲವಕ್ಕೆ ಸ್ವಲ್ಪವೇ ಸಾಕು. ಪ್ರೋಟೀನಿನ ಆಕಾರ ಹುಡುಕುವ ರೊಸೆಟ್ಟಾದಂಥ ಯೋಜನೆಯ ಒಂದು ತುಂಡಿಗೆ 1 ಜಿಬಿಗಿಂತ ಹೆಚ್ಚು ಬೇಕಾಗುವುದುಂಟು, ಹವಾಮಾನ ಲೆಕ್ಕದ ಕೆಲವು ತುಂಡುಗಳಿಗೆ ಹಲವು ಜಿಬಿ ಬೇಕು. ಹುಡುಗರು ಇದನ್ನು ನೋಡದೆ ಎರಡು ಮೂರು ಯೋಜನೆಗಳನ್ನು ಒಟ್ಟಿಗೆ ಸೇರಿಸಿಬಿಟ್ಟಿದ್ದರು.

ಆ ಭಾಯಿ ಇನ್ನೊಂದು ಮಾತು ಹೇಳಿದರು, ಅದನ್ನು ನೆನಪಿಡಿ. "ಬೋಯಿಂಕ್ ತೆಗೆದರೂ ಅರ್ಜಿಯ ಕಾಲದಲ್ಲಿ ಇವು ತಡವರಿಸುತ್ತವೆ. 2 ಜಿಬಿಯಲ್ಲಿ ಇವತ್ತಿನ ಪೋರ್ಟಲ್‌ಗಳು ನಡೆಯುವುದೇ ಕಷ್ಟ. ಮೊದಲು ಮಕ್ಕಳಿಗಾಗಿ ರ‍್ಯಾಮ್ ಹಾಕಿಸಿ. ಆಮೇಲೆ ಉಳಿದರೆ ದಾನದ ಮಾತು." ಸಮಿತಿ ಅದನ್ನೇ ನಿರ್ಣಯ ಮಾಡಿತು.

ಹಾಕಿಸಿದ ಬಗೆ

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇರುವ ಮಕ್ಕಳಿಗೆ ಉಪಯೋಗವಾಗಲಿ ಎಂದು ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮೊದಲು ನೋಡಬೇಕಾದದ್ದು ಯಾವ ಜಾತಿಯ ರ‍್ಯಾಮ್ ಎಂದು. ಡಿಡಿಆರ್ 2, ಡಿಡಿಆರ್ 3, ಡಿಡಿಆರ್ 4 ಎಂದು ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಅಂಚಿನಲ್ಲಿರುವ ಕಚ್ಚು ಪ್ರತಿ ತಲೆಮಾರಿಗೂ ಬೇರೆ ಜಾಗದಲ್ಲಿರುತ್ತದೆ. ಬಲವಂತವಾಗಿ ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಲ್ಯಾಪ್‌ಟಾಪ್‌ನ ಪಟ್ಟಿ ಅಳತೆಯಲ್ಲೇ ಚಿಕ್ಕದು. ನಮ್ಮ ಆರರಲ್ಲಿ ನಾಲ್ಕು ಡಿಡಿಆರ್ 3 ಆಗಿದ್ದವು, ಎರಡು ಇನ್ನೂ ಹಳೆಯ ಡಿಡಿಆರ್ 2. ಆ ಎರಡಕ್ಕೆ ಹಣ ಹಾಕುವುದು ಬೇಡ, ಟೈಪಿಂಗ್ ಕಲಿಯಲು ಮಾತ್ರ ಇರಲಿ ಎಂದು ಬಿಟ್ಟೆವು.

ಎರಡನೆಯದು, ಮದರ್‌ಬೋರ್ಡ್ ಎಷ್ಟು ರ‍್ಯಾಮ್ ತಡೆದುಕೊಳ್ಳುತ್ತದೆ, ಎಷ್ಟು ಸ್ಲಾಟ್ ಇವೆ ಎಂಬುದು. ನಮ್ಮ ನಾಲ್ಕರಲ್ಲೂ ಎಚ್ 61 ಎಂಬ ಚಿಪ್‌ಸೆಟ್‌ನ ಬೋರ್ಡ್, ಎರಡು ಸ್ಲಾಟ್, ಒಟ್ಟು 16 ಜಿಬಿ ತನಕ ಹಾಕಬಹುದು. ನಮಗೆ 8 ಜಿಬಿ ಸಾಕು ಎಂದು ತೀರ್ಮಾನಿಸಿ, ಪ್ರತಿಯೊಂದಕ್ಕೂ 4 ಜಿಬಿಯ ಒಂದೇ ಬಗೆಯ ಎರಡು ಪಟ್ಟಿ ತಂದೆವು. ಒಂದೇ ಬಗೆಯ ಜೋಡಿ ಹಾಕಿದರೆ ಎರಡೂ ದಾರಿಯಲ್ಲಿ ಒಟ್ಟಿಗೆ ಮಾಹಿತಿ ಓಡುತ್ತದೆ.

ಮೂರನೆಯದು ಬಹಳ ಜನ ಮರೆಯುವ ವಿಷಯ. ಕಂಪ್ಯೂಟರ್‌ನಲ್ಲಿ 32 ಬಿಟ್ ವಿಂಡೋಸ್ ಇದ್ದರೆ 8 ಜಿಬಿ ಹಾಕಿದರೂ ಅದು 4 ಜಿಬಿಯ ಒಳಗೇ ಬಳಸುತ್ತದೆ. ಉಳಿದದ್ದು ದಂಡ. ನಮ್ಮಲ್ಲಿ 32 ಬಿಟ್ ವಿಂಡೋಸ್ 7 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿ 2020ರ ಜನವರಿಗೇ ರಕ್ಷಣೆಯ ಅಪ್‌ಡೇಟ್ ನಿಲ್ಲಿಸಿದೆ. ಆದ್ದರಿಂದ 64 ಬಿಟ್ ಲಿನಕ್ಸ್ ಹಾಕಿಸಿದೆವು. ಅದು ಉಚಿತ. ನುಡಿಯ ಕೀಲಿಮಣೆ ಕ್ರಮದಲ್ಲೇ ಅದರಲ್ಲಿ ಕನ್ನಡ ಟೈಪ್ ಮಾಡಬಹುದು.

ಪಟ್ಟಿಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆವು. ಇಲ್ಲೂ ಒಂದು ಪಾಠವಾಯಿತು. ಮೊದಲ ಸಲ ಬೆಲೆ ಕಡಿಮೆ ಎಂದು ತಂದವನ್ನು ಹಾಕಿದರೆ ಪರದೆ ಕಪ್ಪು, ಬೀಪ್ ಬೀಪ್ ಎಂಬ ಸದ್ದು. ಅವು ಎಎಮ್‌ಡಿ ಬೋರ್ಡ್‌ಗಳಲ್ಲಿ ಮಾತ್ರ ಕೆಲಸ ಮಾಡುವ ಬಗೆಯವು. ನಮ್ಮ ಬೋರ್ಡ್‌ಗಳು ಇಂಟೆಲ್‌ನವು. ಬಿಲ್ ಇದ್ದುದರಿಂದ ಬದಲಾಯಿಸಿಕೊಟ್ಟರು. ನೀವು ತರುವಾಗ ಹಳೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಬೋರ್ಡ್ ಯಾವುದೆಂದು ಹೇಳಿ, ಬಿಲ್ ಇಲ್ಲದೆ ತರಬೇಡಿ.

ಹಾಕುವುದು ಕಷ್ಟವಲ್ಲ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಬೇಕು. ನಮ್ಮ ಮೈಯಲ್ಲಿ ಸೇರಿರುವ ಸ್ಥಿರ ವಿದ್ಯುತ್ ರ‍್ಯಾಮಿಗೆ ಹಾನಿ ಮಾಡದಿರಲಿ ಎಂದು. ಸ್ಲಾಟಿನ ಧೂಳನ್ನು ಬ್ರಷ್‌ನಿಂದ ತೆಗೆದು, ಹಳೆಯ ಪಟ್ಟಿಯಾದರೆ ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಬೇಕು. ಕಚ್ಚು ನೋಡಿ ನೇರವಾಗಿ ಕೂರಿಸಿ, ಎರಡೂ ತುದಿಯ ಕೊಕ್ಕೆ ಟಕ್ ಎನ್ನುವ ತನಕ ಒತ್ತಬೇಕು. ನಂತರ ಮೆಮ್‌ಟೆಸ್ಟ್ ಎಂಬ ಉಚಿತ ಪರೀಕ್ಷೆಯನ್ನು ಪೂರ್ತಿ ಒಂದು ಸುತ್ತಾದರೂ ಓಡಿಸಬೇಕು. ಸಂಶೋಧನೆಯ ಲೆಕ್ಕಕ್ಕೆ ಇದು ಮುಖ್ಯ. ಕೆಟ್ಟ ರ‍್ಯಾಮ್ ತಪ್ಪು ಉತ್ತರ ಕೊಡುತ್ತದೆ, ಅದೂ ಯಾರಿಗೂ ಹೇಳದೆ.

ಇದನ್ನೆಲ್ಲ ಮಾಡಿದವರು ಒಂಬತ್ತನೆಯ ತರಗತಿಯಿಂದ ಪಿಯುಸಿ ತನಕದ ಮಕ್ಕಳು, ಇಬ್ಬರು ಹೆಣ್ಣುಮಕ್ಕಳೂ ಸೇರಿ. ಭಾಯಿ ಪಕ್ಕದಲ್ಲಿ ನಿಂತು ನೋಡಿಕೊಂಡರು ಅಷ್ಟೇ. ಹೊರತೆಗೆದ 2 ಜಿಬಿಯ ನಾಲ್ಕು ಪಟ್ಟಿಗಳು ವ್ಯರ್ಥವಾಗಲಿಲ್ಲ. ಮನೆಯಲ್ಲಿ ಅದೇ ಬಗೆಯ ಹಳೆಯ ಕಂಪ್ಯೂಟರ್ ಇದ್ದ ಇಬ್ಬರು ವಿದ್ಯಾರ್ಥಿಗಳಿಗೆ ಎರಡೆರಡು ಹೋದವು.

ಏನು ಬದಲಾಯಿತು, ಏನು ಬದಲಾಗಲಿಲ್ಲ

ರ‍್ಯಾಮ್ ಹೆಚ್ಚಿದರೆ ಪ್ರೊಸೆಸರ್ ವೇಗವಾಗುವುದಿಲ್ಲ. ದರ್ಜಿ ಅದೇ ದರ್ಜಿ, ಮೇಜು ಮಾತ್ರ ದೊಡ್ಡದಾಯಿತು. ಮೊದಲು ಒಂದು ಲೆಕ್ಕಕ್ಕೆ ಎಷ್ಟು ಗಂಟೆ ಬೇಕಿತ್ತೋ, ಬೇರೆ ಅಡ್ಡಿ ಇಲ್ಲದಿದ್ದರೆ ಈಗಲೂ ಸುಮಾರು ಅಷ್ಟೇ ಬೇಕು. ಬದಲಾದದ್ದು ಇಡುವ ತೆಗೆಯುವ ಒದ್ದಾಟ. ಅರ್ಜಿಯ ಪುಟ, ದಾಖಲೆಯ ಪಿಡಿಎಫ್, ಬ್ಯಾಂಕಿನ ಪುಟ ಮೂರನ್ನೂ ತೆರೆದಿಟ್ಟು ಮಗು ಕೆಲಸ ಮಾಡಬಹುದು. 8 ಜಿಬಿಯನ್ನು 16 ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಯಾರೋ ಕೇಳಿದರು. ನಮ್ಮ ಕೆಲಸಕ್ಕೆ ಅಗತ್ಯವಿಲ್ಲ. ಅಗತ್ಯವಿಲ್ಲದ್ದಕ್ಕೆ ದಾನಿಗಳ ಹಣ ಹಾಕುವುದಿಲ್ಲ.

ಆಮೇಲೆ ಬೋಯಿಂಕ್ ಮತ್ತೆ ಹಾಕುವ ಮಾತು ಬಂದಾಗ ಸಮಿತಿಯಲ್ಲಿ ಭಿನ್ನಾಭಿಪ್ರಾಯವಾಯಿತು. ಒಬ್ಬ ಹಿರಿಯರು, "ಕರೆಂಟ್ ಬಿಲ್ ದಾನದ ಹಣದಿಂದ ಹೋಗುತ್ತದೆ. ವಿದ್ಯಾರ್ಥಿಗಳಿಗೆಂದು ಕೊಟ್ಟವರು ಕ್ಯಾನ್ಸರ್ ಸಂಶೋಧನೆಗೆ ಕೊಟ್ಟಿಲ್ಲ" ಎಂದರು. ಹುಡುಗರು ರಾತ್ರಿಯಿಡೀ ಓಡಿಸೋಣ ಎಂದಿದ್ದರು. ಹಿರಿಯರ ಮಾತು ಸರಿ ಎಂದು ನಮಗೆ ಕಂಡಿತು. ಹಳೆಯ ಕಂಪ್ಯೂಟರ್‌ಗಳನ್ನು ರಾತ್ರಿ ಯಾರೂ ಇಲ್ಲದ ಕೋಣೆಯಲ್ಲಿ ಬಿಟ್ಟುಹೋಗುವುದೂ ಸರಿಯಲ್ಲ. ಕೊನೆಗೆ ಎಲ್ಲರೂ ಒಪ್ಪಿದ ಕಟ್ಟಳೆಗಳು ಇವು:

ರಾತ್ರಿ ಓಡಿಸುವುದಿಲ್ಲ. ಹೇಗೂ ಆನ್ ಆಗಿರುವ ಕಂಪ್ಯೂಟರ್ ಮಗುವಿಲ್ಲದೆ ಖಾಲಿ ಕೂತಾಗ ಮಾತ್ರ ಲೆಕ್ಕ. ಮಗು ಮೌಸ್ ಮುಟ್ಟಿದ ಕೂಡಲೇ ಲೆಕ್ಕ ನಿಲ್ಲಬೇಕು. ನಾಲ್ಕರ ಬದಲು ಎರಡೇ ತುಂಡು ಓಡಬೇಕು. ರ‍್ಯಾಮ್‌ನ ಅರ್ಧಕ್ಕಿಂತ ಹೆಚ್ಚನ್ನು ಯಾವಾಗಲೂ ಮುಟ್ಟಕೂಡದು. ಅರ್ಜಿಯ ಕೊನೆಯ ಹದಿನೈದು ದಿನ ಪೂರ್ತಿ ಬಂದ್. ಇವೆಲ್ಲವನ್ನೂ ಬೋಯಿಂಕ್‌ನ ಒಳಗೇ ಗೊತ್ತುಮಾಡಬಹುದು. ನಿಲ್ಲಿಸಿದ ಲೆಕ್ಕವನ್ನು ರ‍್ಯಾಮ್‌ನಲ್ಲೇ ಹಾಗೇ ಇಟ್ಟಿರುವ ಒಂದು ಆಯ್ಕೆಯಿದೆ. ಅದರಿಂದ ಮಗು ಎದ್ದುಹೋದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. 2 ಜಿಬಿ ಇದ್ದಾಗ ಇದು ಆಗುವ ಮಾತಾಗಿರಲಿಲ್ಲ. ಕರೆಂಟ್ ಹೋದರೂ ಚಿಂತೆಯಿಲ್ಲ. ಲೆಕ್ಕವು ಆಗಾಗ ತನ್ನನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ.

ಕರೆಂಟಿನ ಲೆಕ್ಕ ಹೀಗಿದೆ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆವು. ಖಾಲಿ ಕೂತಾಗ ಒಂದು ಕಂಪ್ಯೂಟರ್ ಸುಮಾರು 40 ವ್ಯಾಟ್ ಎಳೆಯುತ್ತದೆ, ಲೆಕ್ಕ ಮಾಡುವಾಗ ಸುಮಾರು 75. ಹೆಚ್ಚುವರಿ 35 ವ್ಯಾಟ್. ದಿನಕ್ಕೆ 4 ಗಂಟೆ, ತಿಂಗಳಿಗೆ 25 ದಿನ ಎಂದರೆ ಒಂದಕ್ಕೆ ಮೂರೂವರೆ ಯೂನಿಟ್, ನಾಲ್ಕಕ್ಕೆ 14 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 98 ರೂಪಾಯಿ. ಈ ಹಣವನ್ನು ಆ ಇಬ್ಬರು ಇಂಜಿನಿಯರಿಂಗ್ ಹುಡುಗರೇ ಪ್ರತಿ ತಿಂಗಳು ಡಬ್ಬಿಗೆ ಹಾಕುತ್ತಾರೆ, ರಸೀದಿ ಕೊಡುತ್ತೇವೆ. ರ‍್ಯಾಮ್ ಕೊಂಡದ್ದು ಕೇಂದ್ರದ ಸಾಮಾನ್ಯ ದೇಣಿಗೆಯಿಂದ, ಏಕೆಂದರೆ ಅದು ಮಕ್ಕಳಿಗಾಗಿ ಕೊಂಡದ್ದು. ಝಕಾತ್ ಹಣದ ಒಂದು ಪೈಸೆಯೂ ಇದಕ್ಕೆ ಹೋಗಿಲ್ಲ. ಆ ಖಾತೆ ಬೇರೆಯೇ ಇದೆ, ವರದಿಯಲ್ಲಿ ಬೇರೆಯೇ ತೋರಿಸಿದೆ.

ಫಲ ಏನು?

ನಮ್ಮ ನಾಲ್ಕು ಕಂಪ್ಯೂಟರ್‌ಗಳಿಂದ ಕ್ಯಾನ್ಸರ್ ವಾಸಿಯಾಯಿತು ಎಂದು ನಾವು ಹೇಳುವುದಿಲ್ಲ. ನಮ್ಮ ಪಾಲು ಬಹಳ ಚಿಕ್ಕದು. ಆದರೆ ಇಂಥ ಚಿಕ್ಕ ಪಾಲುಗಳು ಸೇರಿ ಏನಾಗಿದೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇವೆ. ಇದೇ ಜಾಲದಲ್ಲಿ ಜಪಾನಿನ ಚಿಬಾ ಕ್ಯಾನ್ಸರ್ ಕೇಂದ್ರದವರು ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿಗೆ 30 ಲಕ್ಷ ರಾಸಾಯನಿಕಗಳನ್ನು ಲೆಕ್ಕದಲ್ಲಿ ಜಾಲಿಸಿದರು. ಭರವಸೆಯವು ಎಂದು 2014ರಲ್ಲಿ ಅವರು ತಿಳಿಸಿದ್ದು 7. ಅವು ಇನ್ನೂ ಔಷಧಿಯಲ್ಲ, ಔಷಧಿಯಾಗಬಹುದಾದವು. ಎರಡನೆಯದು ನೀರಿನದು. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದವರು ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದಾದ ಇಂಗಾಲದ ಕೊಳವೆಗಳಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ಲೆಕ್ಕ ಮಾಡಿಸಿದರು. ಕೊಳವೆಯ ಕಂಪನದಿಂದ ನೀರು ಹಿಂದೆ ಅಂದುಕೊಂಡದ್ದಕ್ಕಿಂತ ಸರಾಗವಾಗಿ ಹೋಗಬಲ್ಲದು ಎಂದು 2015ರಲ್ಲಿ ಪ್ರಕಟಿಸಿದರು. ಮುಂದೆ ಅದರಿಂದ ಕಡಿಮೆ ಖರ್ಚಿನ ನೀರಿನ ಫಿಲ್ಟರ್ ಬರಬಹುದು ಎಂಬುದು ಆಸೆ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಫ್ಲೋರೈಡ್ ನೀರು ಕುಡಿಯುವ ನಮ್ಮ ಜಿಲ್ಲೆಗೆ ಇದರ ಬೆಲೆ ಗೊತ್ತು.

30 ಲಕ್ಷದಲ್ಲಿ 7. ಇದು ಕೋಲಾರದವರಿಗೆ ಹೊಸದಲ್ಲ. ಕೆಜಿಎಫ್ ಗಣಿಯಲ್ಲಿ ನಮ್ಮ ಹಿರಿಯರು ಒಂದು ಟನ್ ಕಲ್ಲು ಒಡೆದು, ಅರೆದು, ತೊಳೆದರೆ ಕೈಗೆ ಬರುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಕ್ಕೆ ಬಹಳ ಮೊದಲೇ, 1965ರಲ್ಲಿ, ಅದೇ ಗಣಿಯ ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ವಿಜ್ಞಾನಿಗಳು ನ್ಯೂಟ್ರಿನೋ ಎಂಬ ಕಣದ ಗುರುತನ್ನು ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಮಾಡಿದ ಕೆಲಸ ಅದು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರೂ ಆ ತಂಡದಲ್ಲಿದ್ದರು. ತಿಂಗಳುಗಟ್ಟಲೆ ಕಾದರೆ ಬೆರಳೆಣಿಕೆಯಷ್ಟು ಗುರುತು ಸಿಗುತ್ತಿತ್ತು. ಸಿಗದ ದಿನಗಳ ಲೆಕ್ಕವನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟರು.

ಬೋಯಿಂಕ್‌ನಲ್ಲೂ ಅಂಥದ್ದೊಂದು ಶಿಸ್ತು ಇದೆ. ಅನೇಕ ಯೋಜನೆಗಳಲ್ಲಿ ಒಂದೇ ಲೆಕ್ಕವನ್ನು ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರಿಗೆ ಕಳಿಸುತ್ತಾರೆ. ಎರಡು ಉತ್ತರ ಹೊಂದಿದರೆ ಮಾತ್ರ ಸ್ವೀಕಾರ, ಹೊಂದದಿದ್ದರೆ ಮೂರನೆಯವರಿಗೆ ಕಳಿಸುತ್ತಾರೆ. ನಮ್ಮಲ್ಲಿ ನಿಕಾಹ್‌ಗೂ ಕರಾರು ಪತ್ರಕ್ಕೂ ಇಬ್ಬರು ಸಾಕ್ಷಿ ಬೇಕಲ್ಲ, ಹಾಗೆ. ಕೇಂದ್ರದ ಮಕ್ಕಳು ತಮ್ಮ ಕಂಪ್ಯೂಟರ್ ಕಳಿಸಿದ ಉತ್ತರ ಒಪ್ಪಿಗೆಯಾಯಿತೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಜೀವಕೋಶ ಅಂದರೇನು, ಪ್ರೋಟೀನ್ ಅಂದರೇನು ಎಂದು ಕೇಳುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಬೇಡ ಎನ್ನುತ್ತಿದ್ದ ಒಬ್ಬ ಹುಡುಗಿ ಈ ವರ್ಷ ವಿಜ್ಞಾನವನ್ನೇ ತೆಗೆದುಕೊಂಡಿದ್ದಾಳೆ.

ಪೋಷಕರಿಗೆ, ವಿದ್ಯಾರ್ಥಿಗಳಿಗೆ ವಿನಂತಿ

ಮನೆಯಲ್ಲೋ ಅಂಗಡಿಯಲ್ಲೋ ಹಳೆಯ ಕಂಪ್ಯೂಟರ್ ನಿಧಾನವಾಯಿತೆಂದು ಗುಜರಿಗೆ ಹಾಕುವ ಮೊದಲು ಒಮ್ಮೆ ಕೇಂದ್ರಕ್ಕೆ ತಂದು ತೋರಿಸಿ. ರ‍್ಯಾಮ್ ಮಾತ್ರ ಸಾಲದಾಗಿದ್ದರೆ ಮಕ್ಕಳೇ ನೋಡಿ ಹೇಳುತ್ತಾರೆ. ಬೇಡವಾದ ಡಿಡಿಆರ್ 3 ಪಟ್ಟಿಗಳಿದ್ದರೆ ಕೊಡಿ, ಯಾರಿಗಾದರೂ ಬೇಕಾಗುತ್ತವೆ.

ಬೋಯಿಂಕ್ ಹಾಕಲು ಬಯಸುವ ಮಕ್ಕಳಿಗೆ ಎಚ್ಚರಿಕೆ: ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಇದಕ್ಕೆ ಸೇರಲು ಯಾರಿಗೂ ಹಣ ಕೊಡಬೇಕಾಗಿಲ್ಲ, ಇದರಿಂದ ಯಾರೂ ಹಣ ಕೊಡುವುದೂ ಇಲ್ಲ. ಹಣ ಬರುತ್ತದೆ ಎಂದು ಆಸೆ ತೋರಿಸುವವರು ಬೇರೆ ಏನನ್ನೋ ಮಾರುತ್ತಿದ್ದಾರೆ. ಕಾಲೇಜಿನ, ಕಚೇರಿಯ ಕಂಪ್ಯೂಟರ್‌ಗೆ ಅನುಮತಿಯಿಲ್ಲದೆ ಹಾಕಬೇಡಿ. ಮನೆಯದ್ದಾದರೆ ಅಬ್ಬಾ ಅಮ್ಮಿಯನ್ನು ಕೇಳಿ, ಕರೆಂಟ್ ಬಿಲ್ ಕಟ್ಟುವವರು ಅವರು.

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನದ ತನಕ ಕಾಯಬೇಡಿ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಅವುಗಳ ಮೇಲಿನ ಆರ್‌ಡಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಕಳೆದ ವರ್ಷದ ಅಂಕಪಟ್ಟಿ ಇಷ್ಟನ್ನು ಈಗಲೇ ಸಿದ್ಧ ಮಾಡಿಕೊಳ್ಳಿ. ಕೇಂದ್ರದ ನಾಲ್ಕು ಕಂಪ್ಯೂಟರ್‌ಗಳು ನಿಮಗಾಗಿ ಇವೆ. ನೀವು ಬಂದು ಕೂತ ಕೂಡಲೇ ಉಳಿದ ಎಲ್ಲ ಲೆಕ್ಕವೂ ನಿಲ್ಲುತ್ತದೆ.

ಅವತ್ತು ಕಾಗದ ಮಡಚಿಕೊಂಡು ಹೋದ ಆ ವಿದ್ಯಾರ್ಥಿನಿ ಈ ವರ್ಷ ಅರ್ಜಿಯನ್ನು ಗಡುವಿಗೆ ಮೂರು ವಾರ ಮೊದಲೇ ಸಲ್ಲಿಸಿದ್ದಾಳೆ. ತನ್ನದು ಮುಗಿದ ಮೇಲೆ ಅವಳ ಊರಿನ ಇನ್ನೂ ನಾಲ್ವರದ್ದನ್ನು ಅವಳೇ ಕೂತು ತುಂಬಿಸಿದಳು. ಅವಳಿಗೂ ಅವಳ ತಾಯಿಗೂ ಈ ಸಭೆಯಲ್ಲಿ ನಾವು ಕ್ಷಮೆ ಕೇಳುತ್ತೇವೆ.

 ಲೆಕ್ಕದ ಪುಸ್ತಕ ಕಚೇರಿಯಲ್ಲಿ ತೆರೆದಿದೆ. ಯಾರು ಬೇಕಾದರೂ ಬಂದು ನೋಡಬಹುದು.